ಕನ್ನಡಿಗೆ ಕೊಟ್ಟ ವೀಳ್ಯ

“ಮಾಸ್ತರ, ನಟ ತಾ ಅಲ್ಲದವರ ವೇಷ ಹಾಕಬಹುದೋ, ಹಾಕಬಾರದೋ?”

ಕೇಳಿದವನು ಫಕೀರೇಶ. ಕೇಳಿಸಿಕೊಂಡವರು ಗದಿಗೆಯ್ಯ ಮಾಸ್ತರರು. ನಾಟಕ ಕಂಪನಿಗಳಲ್ಲಿ ನಲವತ್ತು ವರ್ಷ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಿದವರು. ಕಂಪನಿಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿದ ಮೇಲೆ ಧಾರವಾಡದ ಒಂದು ಓಣಿಯಲ್ಲಿ ಅದೇ ಪೇಟಿ ಮುಂದಿಟ್ಟುಕೊಂಡು ಕೂತಿದ್ದರು. ಕಲಿಯಲು ಬರುವವರು ನಾಲ್ಕೈದು ಜನ. ಅವರಲ್ಲಿ ಆರು ವರ್ಷದಿಂದ ತಪ್ಪದೆ ಬರುವವನು ಫಕೀರೇಶನೊಬ್ಬನೇ.

ಈ ಪ್ರಶ್ನೆ ಅವನ ಬಾಯಿಗೆ ಸುಮ್ಮನೆ ಬಂದದ್ದಲ್ಲ. ಮರುದಿನ ಸಂಜೆ ಅವನ ಹೊಸ ನಾಟಕದ ಮೊದಲ ಆಟ. ಅದರಲ್ಲಿ ಅವನದು ಸಿದ್ದಿ ಡೋಲುಗಾರನ ಪಾತ್ರ. ಸಿದ್ದಿಗಳೆಂದರೆ ಹಳಿಯಾಳ, ಯಲ್ಲಾಪುರದ ಕಡೆಯ ಕಾಡಂಚಿನ ಜನ. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕದಿಂದ ಬಂದವರು. ಫಕೀರೇಶ ಆ ಜನದವನಲ್ಲ. ಪಾತ್ರಕ್ಕಾಗಿ ಮೈಗೆಲ್ಲ ಕಪ್ಪು ಬಣ್ಣ ಬಳಿದುಕೊಳ್ಳಬೇಕು. ಇದನ್ನು ಕೇಳಿ ಕೆಲವು ಗೆಳೆಯರು ರೇಗಿದ್ದರು: ಅವರ ಪಾತ್ರ ಅವರೇ ಮಾಡಲಿ, ನಡುವೆ ನೀನು ಯಾರು? ಇನ್ನು ಕೆಲವರು ನಕ್ಕಿದ್ದರು: ಹಾಗಾದರೆ ರಾಜನ ಪಾತ್ರಕ್ಕೆ ರಾಜನನ್ನೇ ಹುಡುಕಿಕೊಂಡು ಬರಬೇಕೇನು? ಎರಡೂ ಮಾತು ಅವನಿಗೆ ಸರಿಯಾಗಿಯೇ ಕಂಡಿದ್ದವು. ಅವನ ತೊಂದರೆ ಅದೇ ಆಗಿತ್ತು.

ಅವನು ಹೊಸ್ತಿಲು ದಾಟುವಾಗಲೇ ಮಾಸ್ತರರು ಅವನ ಕಾಲು ನೋಡಿದ್ದರು.

“ನಡಿಗಿ ಬದಲಾಗೇತಲ್ಲೋ,” ಎಂದರು. “ಎಲ್ಲಿ ಕಲ್ತಿ?”

“ಹದಿನೈದು ದಿವಸ ಅವರ ಊರಾಗ ಇದ್ದು ಬಂದೀನ್ರಿ. ಅಲ್ಲೊಬ್ಬ ಅಜ್ಜ ಅದಾನ. ಡೋಲು ಬಾರಿಸೂದು, ನಡಿಯೂದು, ಕುಂದ್ರೂದು, ಎಲ್ಲಾ ಅವನ ತೋರಿಸಿದ.”

“ಹೆಸರು?”

“ಇನಾಸ ಅಂತ ಇರಬೇಕ್ರಿ.”

ಇರಬೇಕು ಎಂದದ್ದು ಮಾಸ್ತರರ ಕಿವಿಗೆ ಬಿತ್ತು. ಫಕೀರೇಶ ಅಂಗಿಯ ಕಿಸೆಗೆ ಕೈಹಾಕಿದ.

“ಪಾಸ್ ತಂದೀನ್ರಿ. ಮುಂದಿನ ಸಾಲಿಂದು ನಾಕು ಕೊಟ್ಟಾರ. ಒಂದು ನಿಮಗ, ಒಂದು ನಮ್ಮವ್ವಗ. ಉಳಿದ ಎರಡು ನಮ್ಮ ಕಾಲೇಜಿನ ಪ್ರಿನ್ಸಿಪಾಲರಿಗೆ, ಅವರ ಮನಿಯವರಿಗೆ.”

“ಕಿಸೇದಾಗ ಇರಲಿ. ಹೋಗೂ ಮುಂದ ಕೊಡುವಂತಿ,” ಎಂದು ಮಾಸ್ತರರು ಪೇಟಿಯ ಗಾಳಿಯ ಭಾತೆ ಮುಚ್ಚಿದರು. “ಕುಂದ್ರು. ಕತಿ ಹೇಳ್ತೀನಿ.”

ಅವರು ಹೇಳಿದ ಕತೆ ಇದು.

ಒಂದು ನಾಟಕ ಕಂಪನಿಯಲ್ಲಿ ಒಬ್ಬ ನಟನಿದ್ದ. ಹೆಣ್ಣಿನ ಪಾತ್ರಗಳನ್ನು ಇನ್ನೂ ಗಂಡಸರೇ ಮಾಡುತ್ತಿದ್ದ ಕಂಪನಿ ಅದು. ಇವನು ಸೀರೆಯುಟ್ಟು ರಂಗಕ್ಕೆ ಬಂದರೆ ಊರಿನ ಹೆಂಗಸರು ಸೆರಗು ಹೊದೆಯುವ ಬಗೆಯನ್ನು ಇವನಿಂದ ಕಲಿತು ಹೋಗುತ್ತಿದ್ದರು. ರಾಣಿಯಾದ, ಸೊಸೆಯಾದ, ವಿಧವೆಯಾದ. ಹೊಗಳಿಸಿಕೊಳ್ಳುವುದು ಅವನಿಗೆ ಒಗ್ಗಿಹೋಗಿತ್ತು. ಒಂದು ದಿನ ಯಾರೂ ಹೊಗಳದಿದ್ದರೆ ಊಟ ಸೇರುತ್ತಿರಲಿಲ್ಲ.

ಆ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಪಾತ್ರದ ಮೊದಲ ಆಟದ ದಿನ, ನಾಂದಿ ಮುಗಿದ ಕೂಡಲೇ, ನಟ ವೇಷದಲ್ಲೇ ಪರದೆಯ ಮುಂದೆ ಬರಬೇಕು. ಆ ಪಾತ್ರವನ್ನು ಯಾರು ಕಲಿಸಿದರೋ ಅವರನ್ನು ಹೆಸರು ಹಿಡಿದು ಕರೆಯಬೇಕು. ಕೂತ ಜನರೆಲ್ಲರ ಎದುರು ಎರಡು ಎಲೆ, ಒಂದು ಅಡಕೆ ಅವರ ಕೈಗಿಟ್ಟು ಕಾಲು ಮುಟ್ಟಬೇಕು. ಇದಕ್ಕೆ ಪಾತ್ರದ ವೀಳ್ಯ ಎನ್ನುತ್ತಿದ್ದರು. ಯಾರಿಂದಲೂ ಕಲಿಯದೆ ನಟ ತಾನೇ ಕಟ್ಟಿಕೊಂಡ ಪಾತ್ರವಾದರೆ, ಬಣ್ಣದ ಕೋಣೆಯ ಕನ್ನಡಿಯನ್ನು ರಂಗಕ್ಕೆ ತರಿಸಿ ಅದರ ಮುಂದೆ ವೀಳ್ಯ ಇಡಬೇಕು. ಕನ್ನಡಿಗೆ ವೀಳ್ಯ ಕೊಡಲು ಎದೆಗಾರಿಕೆ ಬೇಕು. ಅಷ್ಟು ವರ್ಷಗಳಲ್ಲಿ ಇಬ್ಬರೇ ಕೊಟ್ಟಿದ್ದರು. ಅವರಿಬ್ಬರ ಫೋಟೋಗಳು ಮಾಲೀಕನ ಕುರ್ಚಿಯ ಹಿಂದೆ ಗೋಡೆಯ ಮೇಲಿದ್ದವು. ನಟ ದಿನಕ್ಕೊಮ್ಮೆಯಾದರೂ ಆ ಗೋಡೆಯ ಕಡೆ ನೋಡುತ್ತಿದ್ದ.

ಒಂದು ವರ್ಷ ಕಂಪನಿ ಒಂದು ಸಂತೆ ಊರಿನಲ್ಲಿ ಬಿಡಾರ ಹೂಡಿತು. ಹೊಸ ನಾಟಕದಲ್ಲಿ ಒಬ್ಬ ಜೋಗತಿಯ ಪಾತ್ರವಿತ್ತು. ಗಂಡಾಗಿ ಹುಟ್ಟಿ, ತಾನು ಹೆಣ್ಣೆಂದು ಅರಿತು, ದೇವಿಯ ಹೆಸರಿನಲ್ಲಿ ಸೀರೆಯುಟ್ಟು, ತಲೆಯ ಮೇಲೆ ದೇವಿಯ ಕೊಡ ಹೊತ್ತು ತಿರುಗುವವಳು. ನಾಟಕ ಬರೆದವನು ಆ ಪಾತ್ರವನ್ನು ಜನರನ್ನು ನಗಿಸಲೆಂದೇ ಬರೆದಿದ್ದ. ಬರುವುದು, ಚಪ್ಪಾಳೆ ತಟ್ಟುವುದು, ಸೊಂಟ ಕುಣಿಸುವುದು, ಬೈಸಿಕೊಂಡು ಹೋಗುವುದು. ನಟ ತಾಲೀಮಿನಲ್ಲಿ ಹಾಗೆಯೇ ಮಾಡಿದ. ಮಾಲೀಕ ಹೊಟ್ಟೆ ಹಿಡಿದುಕೊಂಡು ನಕ್ಕ.

ಅದೇ ಹೊತ್ತಿಗೆ ಥೇಟರಿನ ಬಾಗಿಲಿಗೆ ಒಬ್ಬ ಜೋಗತಿ ಬಂದಳು. ಹಣೆಗೆ ಭಂಡಾರದ ಅರಿಶಿನ, ಕೈಯಲ್ಲಿ ತಂತಿಯ ಚೌಡಿಕೆ. ಬೇಡಲು ಬಂದವಳು ಬೇಡದೆ ನಿಂತು ತಾಲೀಮು ನೋಡಿದಳು. ಮುಗಿಯುವವರೆಗೂ ನೋಡಿದಳು.

“ಯಾಕವ್ವಾ,” ಎಂದಳು ನಟನಿಗೆ, “ಸೊಂಟ ಉಳಿಕೇತೇನು?”

ಎಲ್ಲರೂ ಮತ್ತೆ ನಕ್ಕರು. ಈ ಸಲ ನಕ್ಕದ್ದು ನಟನನ್ನು ನೋಡಿ. ಅವನ ಮುಖ ಸಣ್ಣದಾಯಿತು.

“ನೀವು ಹಿಂಗ ನಡಿಯೂದಿಲ್ಲೇನು?” ಎಂದು ಕೇಳಿದ.

“ತಲಿ ಮ್ಯಾಲೆ ಕೊಡ ಹೊತ್ತಾಕಿ ಸೊಂಟ ಕುಣಿಸಿದ್ರ ಕೊಡ ಎಲ್ಲಿರ್ತೈತಪಾ? ನೆಲದ ಮ್ಯಾಲಿರ್ತೈತಿ.”

ಇಲ್ಲಿ ಮಾಸ್ತರರು ಕತೆ ನಿಲ್ಲಿಸಿದರು.

“ಇಂಥಾ ಕತಿಯೊಳಗ ಯಾರ ಹೆಸರೂ ಹೇಳೂ ಪದ್ಧತಿ ಇಲ್ಲ,” ಎಂದರು. “ನಟ ಅಂದ್ರ ನಟ, ಮಾಲಕ ಅಂದ್ರ ಮಾಲಕ. ಆದ್ರ ಈಕಿ ಹೆಸರು ದುರುಗವ್ವ. ಅದೊಂದು ನೆನಪಿಟ್ಟುಕೋ.”

ಫಕೀರೇಶ ತಲೆಯಾಡಿಸಿದ. ಮಾಸ್ತರರು ಮುಂದುವರಿಸಿದರು.

ಅವಮಾನವೇನೋ ಆಗಿತ್ತು. ಆದರೆ ನಟನಿಗೆ ಕಲಿಯುವ ಆಸೆ ಅದಕ್ಕಿಂತ ದೊಡ್ಡದು. ಮರುದಿನ ಬೆಳಿಗ್ಗೆ ಕೆರೆಯ ಆಚೆ ದುರುಗವ್ವನ ಕೋಣೆ ಹುಡುಕಿಕೊಂಡು ಹೋದ. ನಲವತ್ತು ದಿನ ಬಿಡದೆ ಹೋದ. ಮೊದಲ ಹತ್ತು ದಿನ ಅವಳು ಒಂದು ಮಾತನ್ನೂ ಕಲಿಸಲಿಲ್ಲ. ಖಾಲಿ ಕೊಡ ಹೊರಿಸಿ ಕೆರೆಯ ದಂಡೆಯ ಮೇಲೆ ನಡೆಸಿದಳು. ಕುತ್ತಿಗೆ ನಿಂತ ಮೇಲೆ ಕೊಡಕ್ಕೆ ನೀರು ತುಂಬಿಸಿದಳು. ಅವನು ನೆನೆದು ತೊಪ್ಪೆಯಾಗಿ ಬಿಡಾರಕ್ಕೆ ಮರಳಿದರೆ, ಎಲ್ಲಿ ಮಳೆಯಾಯಿತು ಎಂದು ಕಂಪನಿಯ ಪೇಟಿಯವನು ಕಾಡುತ್ತಿದ್ದ. ಎಲ್ಲಿಗೆ ಹೋಗುತ್ತೇನೆ, ಏನು ಕಲಿಯುತ್ತೇನೆ ಎಂಬುದನ್ನು ನಟ ಅವನೊಬ್ಬನಿಗೆ ಹೇಳುತ್ತಿದ್ದ.

ಆಮೇಲೆ ದುರುಗವ್ವ ಚೌಡಿಕೆಯ ಹಾಡು ಕಲಿಸಿದಳು. ಬಾಗಿಲಲ್ಲಿ ನಿಲ್ಲುವುದು ಹೇಗೆ, ಕೊಟ್ಟರೆ ಹರಸುವುದು ಹೇಗೆ, ಬೈದರೆ ಕೇಳಿಸದವಳ ಹಾಗೆ ಮುಂದಿನ ಬಾಗಿಲಿಗೆ ಹೋಗುವುದು ಹೇಗೆ ಎಂದು ಕಲಿಸಿದಳು. ಈ ಕಡೆಯದು ನಟನಿಗೆ ಬಹಳ ಕಷ್ಟವಾಯಿತು. ಅವಳು ಸುಳ್ಳೇ ಬೈದರೂ ಅವನ ಮುಖ ತಾನಾಗಿ ತಿರುಗುತ್ತಿತ್ತು.

“ಇನ್ನೂ ಗಂಡಸ ಅದೀ ನೀ,” ಎಂದು ಅವಳು ನಗುತ್ತಿದ್ದಳು. “ಬೈದ್ರ ತಿರುಗಿ ನೋಡ್ತೀ.”

ಮೂವತ್ತನೆಯ ದಿನ ಅವಳು ಸೀರೆ ಉಡುವುದನ್ನು ತೋರಿಸಲು ಹೋದಳು. ನಟ ನಕ್ಕುಬಿಟ್ಟ. ಆ ಕೆಲಸದಲ್ಲಿ ಅವನನ್ನು ಮೀರಿಸಿದವರು ಏಳೂರಲ್ಲಿ ಇರಲಿಲ್ಲ.

“ನಿಂದು ರಾಣಿ ಉಡೂ ಸೀರಿ,” ಎಂದಳು ದುರುಗವ್ವ. “ಮೊದಲನೇ ಸಲ ಉಟ್ಟಾಕಿದು ಹಿಂಗಿರೂದಿಲ್ಲ.” ಹಾಗೆಂದು, ಯಾರಿಗೂ ಹೇಳಿರದ ಒಂದು ಸಂಗತಿಯನ್ನು ಅವನಿಗೆ ಹೇಳಿದಳು.

ಅವಳಿಗೆ ಹದಿನಾರು ವರ್ಷವಾಗಿದ್ದಾಗ ಅಪ್ಪ ಮನೆಯಿಂದ ಹೊರಗೆ ಹಾಕಿದ. ಅವ್ವ ಹಿತ್ತಲ ಬಾಗಿಲಿಗೆ ಬಂದಳು. ತನ್ನದೊಂದು ಹಳೆಯ ಹಸಿರು ಸೀರೆಯನ್ನು ಕೈಗೆ ಕೊಟ್ಟಳು. ದುರುಗವ್ವ ಅಲ್ಲೇ ಬಣವೆಯ ಮರೆಯಲ್ಲಿ ಉಟ್ಟುಕೊಂಡಳು. ಹಿಡಿಯಲು ಬಾರದೆ ನಿರಿಗೆಗಳೆಲ್ಲ ಅಡ್ಡಾದಿಡ್ಡಿಯಾದವು. ಆಗ ಅವ್ವ ಅವಳ ಮುಂದೆ ಮೊಣಕಾಲೂರಿ ಕೂತು ಒಂದೊಂದೇ ನಿರಿಗೆಯನ್ನು ಸರಿ ಮಾಡಿದಳು. ಏಳು ನಿರಿಗೆ. ಒಂದು ಮಾತಾಡಲಿಲ್ಲ. ತಲೆಯೆತ್ತಿ ಮುಖ ನೋಡಲಿಲ್ಲ. ಏಳನೆಯದನ್ನು ಸಿಕ್ಕಿಸಿ, ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದಾಗಿ ಇಪ್ಪತ್ತೆರಡು ವರ್ಷ. ಆ ಮನೆ ಅಲ್ಲಿಂದ ನಾಲ್ಕೇ ಮೈಲಿ ದೂರದ ಹಳ್ಳಿಯಲ್ಲಿತ್ತು. ದುರುಗವ್ವ ಆ ದಾರಿ ತುಳಿದಿರಲಿಲ್ಲ.

“ಸಿಟ್ಟಿಲ್ಲ ನನಗ,” ಎಂದಳು. “ನೋಡಿದ್ರ ಕಳಿಸಾಕ ಆಗ್ತಿರಲಿಲ್ಲ ಆಕಿಗೆ. ಅದಕ್ಕ ನೋಡಲಿಲ್ಲ. ಆದ್ರೂ ಒಮ್ಮೆ ನೋಡಬೇಕಿತ್ತು.”

ಅಂದು ನಟನಿಗೆ ಊಟ ಸೇರಲಿಲ್ಲ. ಈ ಸಲದ ಕಾರಣ ಬೇರೆಯಾಗಿತ್ತು. ಮರುದಿನ ಹೋಗಿ, “ಇದನ್ನ ನಾಟಕದಾಗ ಹಾಕಲೇನು?” ಎಂದು ಕೇಳಿದ.

ದುರುಗವ್ವ ಬಹಳ ಹೊತ್ತು ಚೌಡಿಕೆಯ ತಂತಿ ಬಿಗಿಯುತ್ತಾ ಕೂತಳು. ಆಮೇಲೆ, “ಆ ಪಾತ್ರ ನಾನ ಮಾಡಿದ್ರ ಹೆಂಗ?” ಎಂದಳು. ಚೇಷ್ಟೆಯ ಹಾಗೆ ಹೇಳಿದಳು. ಹೇಳಿ ಅವನ ಮುಖವನ್ನೇ ನೋಡಿದಳು.

ನಟ ಹೋಗಿ ಮಾಲೀಕನನ್ನು ಕೇಳಿದ. ಕೇಳಿದನೆಂಬುದು ಅವನ ಪುಣ್ಯ. ಮಾಲೀಕ ಕಣ್ಣರಳಿಸಿದ.

“ಆಕಿನ್ನ ನೋಡಾಕ ಯಾರು ಟಿಕೀಟ್ ತಗೀತಾರೋ? ದಿನಾ ಬಾಗಲಿಗೆ ಬಂದು ನಿಂದ್ರತಾಳ. ನೀ ಮಾಡಿದ್ರ ಅದು ಕಲಾ. ಆಕಿ ಮಾಡಿದ್ರ ಏನೈತಿ ಅದರಾಗ? ಆಕಿ ಇರೂದ ಹಂಗ.”

ನಟ ಎದುರಾಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕೆಂದರೆ, ಅವನಿಗೆ ಒಳಗೊಳಗೇ ಹಾಯೆನಿಸಿತು. ಅಂಥ ಪಾತ್ರ ಜನ್ಮಕ್ಕೊಂದು ಸಿಗುತ್ತದೆ ಎಂದು ಅವನಿಗೆ ಗೊತ್ತಿತ್ತು. ದುರುಗವ್ವನ ಹತ್ತಿರ ಹೋಗಿ, ಕಂಪನಿಯ ಕಾಯಿದೆಯಲ್ಲಿ ಅದಕ್ಕೆ ಅವಕಾಶವಿಲ್ಲ ಎಂದ. ಯಾವ ಕಾಯಿದೆ ಎಂದು ಅವಳು ಕೇಳಲಿಲ್ಲ.

“ಆತು ಬಿಡು, ನೀನ ಮಾಡು,” ಎಂದಳು. “ಆದ್ರ ಅದು ನಂದು ಅಂತ ಮಂದಿಗೆ ಗೊತ್ತಾಗಬೇಕು.”

ನಟ ಅವಳಿಗೆ ಪಾತ್ರದ ವೀಳ್ಯದ ಸಂಗತಿ ಹೇಳಿದ.

“ಎಲ್ಲಾರ ಮುಂದ?” ಎಂದು ಅವಳು ಕೇಳಿದಳು.

“ಎಲ್ಲಾರ ಮುಂದ.”

“ಹೆಸರು ಹಿಡದು?”

“ದುರುಗವ್ವಾ ಅಂತ ಹೆಸರು ಹಿಡದು ಕರೀತೀನಿ. ಕಾಲು ಮುಟ್ತೀನಿ.”

ದುರುಗವ್ವ ನಕ್ಕಳು. ನಗು ಮುಗಿಯುವ ಮೊದಲೇ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಪ್ಪತ್ತೆರಡು ವರ್ಷದಿಂದ ಜನ ಅವಳ ತಲೆಯ ಮೇಲಿನ ದೇವಿಗೆ ಕೈಮುಗಿಯುತ್ತಿದ್ದರು. ಕೊಡದ ಕೆಳಗಿದ್ದವಳನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ.

ಅಂದೇ ಅವಳು ಒಬ್ಬ ಬಳೆಗಾರನ ಮೂಲಕ ಅವ್ವನಿಗೆ ಹೇಳಿ ಕಳಿಸಿದಳು. ಸಂತೆಯ ದಿನ ಮಧ್ಯಾಹ್ನದ ಆಟಕ್ಕೆ ಬಾ. ಆಟಕ್ಕೆ ಮೊದಲು ಒಬ್ಬಳನ್ನು ಮುಂದೆ ಕರೆದು ವೀಳ್ಯ ಕೊಡುತ್ತಾರೆ. ಅವಳೇ ನಾನು. ಈ ಸಲ ಮುಖ ನೋಡು.

ಹೀಗೆ ಹೇಳಿ ಕಳಿಸಿದ್ದನ್ನು ಅವಳು ನಟನಿಗೆ ತಿಳಿಸಲಿಲ್ಲ. ತಿಳಿಸುವ ಅಗತ್ಯ ಕಾಣಲಿಲ್ಲ. ಅವನ ಮಾತಿನ ಮೇಲೆ ಅವಳಿಗೆ ಅಷ್ಟು ನಂಬಿಕೆ ಇತ್ತು.

ನಾಟಕ ಬರೆದವನು ನಗುವ ದೃಶ್ಯಗಳನ್ನು ಹರಿದು ಹಾಕಿ ಹೊಸದಾಗಿ ಬರೆದ. ನಿರಿಗೆಯ ದೃಶ್ಯವೇ ನಾಟಕದ ಜೀವವಾಯಿತು. ಮೊದಲ ಆಟದ ದಿನ ಥೇಟರು ಕಿಕ್ಕಿರಿದಿತ್ತು. ಬಂಡಿ ಕಟ್ಟಿಕೊಂಡು ಹಳ್ಳಿಯವರು ಬಂದಿದ್ದರು. ನಟ ಬಣ್ಣ ಹಚ್ಚಿಕೊಂಡು ಕನ್ನಡಿಯ ಮುಂದೆ ಕೂತಿದ್ದ. ಮಾಲೀಕ ಒಳಗೆ ಬಂದ.

“ವೀಳ್ಯ ಯಾರಿಗೆ?”

“ದುರುಗವ್ವಗ.”

ಮಾಲೀಕ ಬೈಯಲಿಲ್ಲ. ಬೈದಿದ್ದರೆ ನಟ ಹಟ ಹಿಡಿಯುತ್ತಿದ್ದನೋ ಏನೋ. ಮಾಲೀಕ ಅವನ ಹೆಗಲ ಮೇಲೆ ಕೈಯಿಟ್ಟ.

“ಮುಂದ ಈ ಊರ ದೊಡ್ಡ ಮನಿ ದೇಸಾಯರು ಕುಂತಾರ. ನೀ ಆಕಿ ಕಾಲು ಮುಟ್ಟಿದ್ರ ಮಂದಿ ನಗ್ತಾರ. ಅಳಿಸೂ ನಾಟಕ ನಗಿಸೂ ನಾಟಕ ಆಕ್ಕೈತಿ. ಅದೂ ಇರಲಿ. ಆಕಿ ಏನ ತೋರಿಸಿರಲಿ, ಆಡಾವ ನೀನು. ನನ್ನ ಗ್ವಾಡಿ ಮ್ಯಾಲೆ ಇನ್ನೊಂದು ಫೋಟೋಕ್ಕ ಜಾಗ ಐತಿ ನೋಡು.”

ಇಷ್ಟು ಹೇಳಿ ಹೋದ. ನಟ ಕನ್ನಡಿ ನೋಡಿದ. ಕನ್ನಡಿಯಲ್ಲಿ ಜೋಗತಿ ಕಂಡಳು. ಬಹಳ ಚೆನ್ನಾಗಿ ಕಂಡಳು. ಇವಳನ್ನು ಮಾಡಿದವನು ನಾನೇ ಅಲ್ಲವೇ ಎಂದು ಅವನಿಗೆ ಅನಿಸಿತು. ಬಣ್ಣ ಹಚ್ಚಿಕೊಂಡ ಹೊತ್ತಿನಲ್ಲಿ ನಟನಿಗೆ ಏನೇನೋ ಅನಿಸುತ್ತದೆ. ಅದನ್ನೆಲ್ಲ ನಂಬಬಾರದು. ಅವನು ನಂಬಿದ.

ದುರುಗವ್ವ ಎಲ್ಲರಿಗಿಂತ ಮೊದಲೇ ಬಂದಿದ್ದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಮೊದಲು ಮುಂದಿನ ಸಾಲಿನಲ್ಲಿ ಕೂತಳು. ಬಾಗಿಲು ಕಾಯುವವರು ಎಬ್ಬಿಸಿ ನಡುವಿಗೆ ಕಳಿಸಿದರು. ನಡುವಿನಿಂದ ಎಬ್ಬಿಸಿ ಹಿಂದಿನ ಕಂಬದ ಹತ್ತಿರ ಕೂರಿಸಿದರು. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಹೆಸರು ಹಿಡಿದು ಕರೆದರೆ ಎಲ್ಲಿದ್ದರೂ ಕೇಳಿಸುತ್ತದೆ.

ನಾಂದಿ ಮುಗಿಯಿತು. ನಟ ವೀಳ್ಯ ಹಿಡಿದು ಪರದೆಯ ಮುಂದೆ ಬಂದ. ದುರುಗವ್ವ ಎದ್ದು ನಿಂತಳು. ಸೆರಗು ಸರಿ ಮಾಡಿಕೊಂಡಳು. ಎರಡು ಹೆಜ್ಜೆ ಮುಂದೆ ಬಂದಳು. ನಟ ಅವಳನ್ನು ನೋಡಿದ. ನೋಡಿದ ಮೇಲೂ, ಈ ಪಾತ್ರವನ್ನು ತನಗೆ ಯಾರೂ ಕಲಿಸಿಲ್ಲವೆಂದು ಗಟ್ಟಿಯಾಗಿ ಸಾರಿ, ಕನ್ನಡಿ ತರಿಸಿ ಅದರ ಮುಂದೆ ವೀಳ್ಯ ಇಟ್ಟ. ಚಪ್ಪಾಳೆಗೆ ಥೇಟರಿನ ತಗಡು ಗದಗುಟ್ಟಿತು. ದೇಸಾಯರು ಎದ್ದು ನಿಂತು ತಟ್ಟಿದರು.

ದುರುಗವ್ವ ಹಿಂದಿರುಗಿ ನೋಡಿದರೆ ಅವಳ ಜಾಗದಲ್ಲಿ ಬೇರೆ ಯಾರೋ ಕೂತಾಗಿತ್ತು. ಸ್ವಲ್ಪ ಹೊತ್ತು ಕಂಬಕ್ಕೊರಗಿ ನಿಂತಳು. ಇಷ್ಟು ಜನರ ನಡುವೆ ಎಲ್ಲೋ ಒಂದು ಕಡೆ ಅವ್ವ ಕೂತಿದ್ದಾಳೆ, ತಾನು ಎದ್ದದ್ದನ್ನೂ ತನ್ನನ್ನು ಕರೆಯದ್ದನ್ನೂ ನೋಡಿದ್ದಾಳೆ ಎಂದುಕೊಂಡಳು. ಆ ನಾಚಿಕೆ ತಡೆಯದೆ ಹೊರಗೆ ಹೋದಳು.

ಮಾಸ್ತರರು ಮತ್ತೆ ನಿಲ್ಲಿಸಿದರು. ಪೇಟಿಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. ಧೂಳು ಇರಲಿಲ್ಲ.

“ಪೇಟಿಯವ ಎಲ್ಲಾ ನೋಡಿದ,” ಎಂದರು. “ಯಾರ ಹತ್ರ ಕಲ್ತಾನ ಅಂತ ಅವಗ ಗೊತ್ತಿತ್ತು. ಒಂದು ಮಾತು ಅಂದಿದ್ರ ಸಾಕಿತ್ತು. ಪೇಟಿ ನಿಲ್ಲಿಸಿದ್ರೂ ಸಾಕಿತ್ತು. ಒಂದು ಸ್ವರಾನೂ ಬಿಡದ ಬಾರಿಸಿದ. ಆ ಪೇಟಿಯವ ನಾನ.”

ಮಾಸ್ತರರು ಫಕೀರೇಶನ ಮಾತಿಗೆ ಕಾಯದೆ ಕತೆ ಮುಂದುವರಿಸಿದರು.

ಆಟ ಗೆದ್ದಿತು. ನಿರಿಗೆಯ ದೃಶ್ಯದಲ್ಲಿ ಗಂಡಸರೂ ಅತ್ತರು. ಮುಗಿದ ಮೇಲೆ ಜನ ಬಣ್ಣದ ಕೋಣೆಗೆ ನುಗ್ಗಿದರು. ಆ ನೂಕುನುಗ್ಗಲಿನಲ್ಲಿ ಒಬ್ಬ ಮುದುಕಿ ದಾರಿ ಮಾಡಿಕೊಂಡು ಬಂದಳು. ಕೈಯಲ್ಲಿ ಮಲ್ಲಿಗೆಯ ದಂಡೆ ಇತ್ತು. ಬಂದವಳು ನಟನ ನಿರಿಗೆಯನ್ನೇ ನೋಡುತ್ತಾ ನಿಂತಳು.

“ಏಳು ನಿರಿಗಿ,” ಎಂದಳು. “ಏಳ ನಿರಿಗಿ ಅಂತ ನಿನಗ ಯಾರು ಹೇಳಿದ್ರಪಾ?”

ಒಂದು ಪಕ್ಕ ಮಾಲೀಕ ನಿಂತಿದ್ದ. ಇನ್ನೊಂದು ಪಕ್ಕ ದೇಸಾಯರು ಹಾರ ಹಿಡಿದು ನಿಂತಿದ್ದರು. ಊರಿಗೆ ಊರೇ ಕೇಳುವಂತೆ ಸಾರಿದ ಮಾತು ಇನ್ನೂ ಬಾಯಲ್ಲೇ ಇತ್ತು.

“ಯಾರೂ ಹೇಳಿಲ್ಲವ್ವಾ,” ಎಂದ. “ನಾನ ಕಲ್ಪಿಸಿಕೊಂಡೆ.”

ಮುದುಕಿ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. “ಹಂಗಾರ ಬಳಿಗಾರ ಹೇಳಿದ್ದು ಸುಳ್ಳ. ನನ್ನ ಕೂಸು ಇಲ್ಲ,” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ತಂದ ಮಲ್ಲಿಗೆಯನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಕನ್ನಡಿಯ ಮುಂದಿಟ್ಟು ಹೋದಳು.

ಮರುದಿನ ಬೆಳಿಗ್ಗೆ ನಟ ಎರಡು ಎಲೆ, ಒಂದು ಅಡಕೆ ಹಿಡಿದು ಕೆರೆಯ ಆಚೆ ಓಡಿದ. ಕೋಣೆಗೆ ಬೀಗ ಬಿದ್ದಿತ್ತು. ದುರುಗವ್ವ ಬೆಳಕು ಹರಿಯುವಾಗ ಕೊಡ ಹೊತ್ತು ಹೊರಟುಹೋದಳು, ಎತ್ತ ಎಂದು ಹೇಳಲಿಲ್ಲ ಎಂದು ನೆರೆಯವರು ಹೇಳಿದರು. ಬಳೆಗಾರನೂ ಅಲ್ಲೇ ಇದ್ದ. ತಾನು ಒಯ್ದ ಸುದ್ದಿಯನ್ನು ಅಕ್ಷರ ಬಿಡದೆ ಹೇಳಿದ. ನಟ ಅವಳ ಕಟ್ಟೆಯ ಮೇಲೆ ಕುಸಿದು ಕೂತ. ತಾನು ಕನ್ನಡಿಗೆ ಕೊಟ್ಟದ್ದು ಏನೆಂದು ಅವನಿಗೆ ಆಗ ತಿಳಿಯಿತು.

ಅಲ್ಲಿಂದಲೇ ಅವನು ಅವಳ ಅವ್ವನ ಹಳ್ಳಿಗೆ ಹೋಗಬೇಕಿತ್ತು. ನಾಲ್ಕೇ ಮೈಲಿ. ಆದರೆ ಅಂದು ಆಟವಿತ್ತು. ಮರುದಿನವೂ ಇತ್ತು. ಹೆಸರಾದ ನಾಟಕಕ್ಕೆ ಬಿಡುವೆಲ್ಲಿ? ನಾಳೆ ಹೋದರಾಯಿತು ಎಂದುಕೊಂಡ. ಇಪ್ಪತ್ತು ದಿನ ಹಾಗೆಯೇ ಎಂದುಕೊಂಡ. ಇಪ್ಪತ್ತೊಂದನೆಯ ದಿನ ಬಣ್ಣವಿಲ್ಲದ ಮುಖದಲ್ಲಿ ಹೋಗಿ ಮುದುಕಿಯ ಮುಂದೆ ನಿಂತ. ಅವಳು ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಾ ಕೂತಿದ್ದಳು.

ನಟ ಅವಳ ಕಾಲಿಗೆ ಬಿದ್ದ. ಎಲ್ಲವನ್ನೂ ಹೇಳಿದ. ಕೊಡ, ನಲವತ್ತು ದಿನ, ಹಸಿರು ಸೀರೆ, ಬಣವೆ. “ನಿನ್ನ ಕೂಸು ಬದುಕೇತಿ ಅವ್ವಾ. ಅಂದು ಕಂಬದ ಹತ್ರ ನಿಂತಿತ್ತು. ನಾ ಕರೀಲಿಲ್ಲ,” ಎಂದು ಬಿಕ್ಕಿ ಬಿಕ್ಕಿ ಅತ್ತ. ಜನ್ಮದಲ್ಲಿ ಅಷ್ಟು ನಿಜವಾಗಿ ಅವನು ಎಂದೂ ಅತ್ತಿರಲಿಲ್ಲ.

ಮುದುಕಿ ಕೈಕೆಲಸ ನಿಲ್ಲಿಸಲಿಲ್ಲ. ಅವನು ಅತ್ತು ಮುಗಿಸುವವರೆಗೆ ಕಾದಳು.

“ಭಾಳ ಛಲೋ ಆಡ್ತೀಯಪ್ಪಾ,” ಎಂದಳು. “ಅಂದೂ ಹಿಂಗ ಅಳಿಸಿದಿ. ನಾ ಅಂದ ಮನಿಗೆ ಬಂದು, ನನ್ನ ಕೂಸು ಸತ್ತೇತಿ ಅಂತ ತಲಿ ಮ್ಯಾಲೆ ನೀರು ಹಾಕ್ಕೊಂಡೀನಿ. ಇನ್ನ ಆಡಬ್ಯಾಡ. ಹೋಗಿ ಬಾ.”

ನಟ ಎದ್ದು ಬಂದ. ನಿಜ ಹೇಳುವುದಕ್ಕೆ ಅವನ ಹತ್ತಿರ ಬೇರೆ ಮುಖ ಇರಲಿಲ್ಲ.

ಆ ಪಾತ್ರವನ್ನು ಅವನು ಇನ್ನೂ ಹದಿನೆಂಟು ವರ್ಷ ಮಾಡಿದ. ಬಿಡೋಣವೆಂದರೆ ಜನ ಬಿಡಗೊಡಲಿಲ್ಲ ಎನ್ನುತ್ತಿದ್ದ. ಗೋಡೆಯ ಮೇಲೆ ಮೂರನೆಯ ಫೋಟೋ ಬಂತು. ಅವನು ಆ ಗೋಡೆಯ ಕಡೆ ನೋಡುವುದನ್ನು ಬಿಟ್ಟ. ಹೋದ ಊರಲ್ಲೆಲ್ಲ ಜೋಗತಿಯರು ಕಂಡರೆ ನಿಲ್ಲಿಸಿ ಹೆಸರು ಕೇಳುತ್ತಿದ್ದ. ಸಾಯುವವರೆಗೂ ಅವನ ಬಣ್ಣದ ಪೆಟ್ಟಿಗೆಯಲ್ಲಿ ಎರಡು ಎಲೆ, ಒಂದು ಅಡಕೆ ಇರುತ್ತಿತ್ತು. ಎಲೆ ಒಣಗಿದರೆ ಬೇರೆ ಎಲೆ ತಂದಿಡುತ್ತಿದ್ದ. ದುರುಗವ್ವ ಮತ್ತೆ ಸಿಗಲಿಲ್ಲ.

ಕತೆ ಮುಗಿದಿತ್ತು. ಆದರೆ ಫಕೀರೇಶ ಬಂದದ್ದು ಹೌದು ಅಥವಾ ಅಲ್ಲ ಎಂಬ ಒಂದು ಮಾತಿಗಾಗಿ. ಹೋಗಿ ಗೆಳೆಯರ ಮುಂದೆ ಅದನ್ನು ಹೇಳಬೇಕಿತ್ತು.

“ಹಂಗಾದ್ರ ಅವ ಆ ವೇಷ ಹಾಕಬಾರದಿತ್ತೇನ್ರಿ ಮಾಸ್ತರ?” ಎಂದು ಕೇಳಿದ.

ಮಾಸ್ತರರು ಅವನ ಅಂಗಿಯ ಕಡೆ ನೋಡಿದರು.

“ನಿನ್ನ ಕಿಸೇದಾಗಿನ ನಾಕು ಪಾಸಿನೊಳಗ ಇನಾಸಜ್ಜಂದು ಯಾವುದೋ, ಫಕೀರೇಶ?”